ಗೊರಕೆ ನನ್ನದೇ

ಮದುವೆಯ ಹಿಂದಿನ ರಾತ್ರಿ ಛತ್ರದಲ್ಲಿ ಉಳಿಯುವುದೆಂದರೆ ನನಗೆ ಎಷ್ಟೋ ವರ್ಷ ಎದೆ ನಡುಗುತ್ತಿತ್ತು. ಊಟ ಮುಗಿದು, ಹೆಂಗಸರ ಕೋಣೆಯಲ್ಲಿ ಜಮಖಾನ ಹಾಸಿ, ಅತ್ತಿಗೆ ನಾದಿನಿಯರು, ದೊಡ್ಡಮ್ಮ ಚಿಕ್ಕಮ್ಮಂದಿರು ಸಾಲಾಗಿ ಮಲಗುವ ಹೊತ್ತಿಗೆ ನಾನು ಗೋಡೆಗೆ ಒರಗಿ ಕೂತುಬಿಡುತ್ತಿದ್ದೆ. ಯಾರಾದರೂ ಕೇಳಿದರೆ ‘ನಿದ್ದೆ ಬರ್ತಿಲ್ಲ, ನೀವು ಮಲಗಿ’ ಎನ್ನುತ್ತಿದ್ದೆ. ಅದು ಸುಳ್ಳು. ರೆಪ್ಪೆಯ ಮೇಲೆ ಕಲ್ಲು ಹೇರಿದಂತೆ ನಿದ್ದೆ ಎಳೆಯುತ್ತಿತ್ತು. ಮಲಗಿದರೆ ಗೊರಕೆ ಹೊಡೆಯುತ್ತೇನೆ, ಬೆಳಗಾದರೆ ಕಾಫಿಯ ಜೊತೆ ಅದೇ ಮಾತು ಎಲ್ಲರ ಬಾಯಲ್ಲಿರುತ್ತದೆ ಎಂಬ ಭಯಕ್ಕೆ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದೆ.

ಆ ರಾತ್ರಿಗಳಲ್ಲಿ ನನ್ನ ಜೊತೆ ಇನ್ನೊಬ್ಬಳು ಎಚ್ಚರವಿರುತ್ತಿದ್ದಳು. ದೊಡ್ಡಮ್ಮನ ಮಗಳು, ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಯಾರದೇ ಮದುವೆಯಿರಲಿ, ರಾತ್ರಿ ಹೂ ಕಟ್ಟುವ ಕೆಲಸವನ್ನು ಕೇಳಿ ವಹಿಸಿಕೊಳ್ಳುತ್ತಿದ್ದಳು. ಸೇವಂತಿಗೆಯ ಬುಟ್ಟಿ, ನೀರಲ್ಲಿ ನೆನೆದ ಬಾಳೆನಾರು ನಡುವೆ ಇಟ್ಟುಕೊಂಡು ನಾವಿಬ್ಬರೂ ಬೆಳಗಿನ ನಾಲ್ಕರವರೆಗೆ ಮಾಲೆ ಕಟ್ಟಿದ್ದಿದೆ. ಅಕ್ಕ ಎಷ್ಟು ಗಟ್ಟಿ ಜೀವ ಎಂದುಕೊಳ್ಳುತ್ತಿದ್ದೆ. ಅವಳೂ ನನ್ನ ಬಗ್ಗೆ ಹಾಗೇ ಅಂದುಕೊಂಡಿರಬೇಕು. ಯಾಕೆ ಮಲಗಲಿಲ್ಲ ಎಂದು ಒಬ್ಬರನ್ನೊಬ್ಬರು ಕೇಳಲೇ ಇಲ್ಲ.

ಗಂಡಸಿನ ಗೊರಕೆಗೆ ನಮ್ಮ ಮನೆಗಳಲ್ಲಿ ಒಂದು ಸಲಿಗೆಯಿದೆ. ಜಗಲಿಯಲ್ಲಿ ಮಾವನವರು ಗೊರಕೆ ಹೊಡೆದರೆ ‘ಪಾಪ, ದಣಿದಿದ್ದಾರೆ’ ಎನ್ನುತ್ತಾರೆ, ಮಕ್ಕಳು ಕುಂಭಕರ್ಣ ಎಂದು ನಕ್ಕರೂ ಅದರಲ್ಲಿ ಪ್ರೀತಿಯಿರುತ್ತದೆ. ಹೆಂಗಸಿನ ಗೊರಕೆ ಮಾತ್ರ ನಾಚಿಕೆಗೇಡು. ನನ್ನ ಅಮ್ಮ ಗೊರಕೆ ಹೊಡೆಯುತ್ತಿದ್ದಳು. ಅಜ್ಜಿ ಕತ್ತಲಲ್ಲೇ ಕೈಚಾಚಿ ಅವಳ ಭುಜ ಅಲುಗಿಸಿ ‘ಮಗ್ಗುಲಾಗೇ’ ಎನ್ನುತ್ತಿದ್ದುದು ನನಗೆ ಈಗಲೂ ಕೇಳಿಸುತ್ತದೆ. ಹಗಲು ಹೊತ್ತು ಅಕ್ಕಿ ಆರಿಸಲು ಕೂತರೆ ಮೊರ ಮಡಿಲಲ್ಲಿ, ತಲೆ ಎದೆಯ ಮೇಲೆ. ಆಗ ಯಾರಾದರೊಬ್ಬರು ಅಂದೇ ಅನ್ನುತ್ತಿದ್ದರು, ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದು. ಐದು ಮಕ್ಕಳು, ಅಡಿಕೆ ಕೊಯ್ಲು, ಕೊಟ್ಟಿಗೆ, ವರ್ಷದಲ್ಲಿ ಎರಡು ಶ್ರಾದ್ಧ, ಇಷ್ಟನ್ನು ಹೊತ್ತ ಹೆಂಗಸಿಗೆ ಚಿಂತೆ ಇರಲಿಲ್ಲ ಎಂದು ಹೇಳಿದವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. 61ನೇ ವಯಸ್ಸಿಗೆ ಲಕ್ವ ಹೊಡೆದು ಅಮ್ಮ ಹೋದಳು. ಆ ಗೊರಕೆಯನ್ನು ಕಾಯಿಲೆಯ ಸದ್ದೆಂದು ಮನೆಯಲ್ಲಿ ಒಬ್ಬರೂ ಕಿವಿಗೊಟ್ಟು ಕೇಳಿರಲಿಲ್ಲ.

ನನಗೆ ಶುರುವಾದದ್ದು ಮುಟ್ಟು ನಿಂತ ಮೇಲೆ, 49ರ ಸುಮಾರಿಗೆ. ಎಂಟು ಗಂಟೆ ಮಲಗಿ ಎದ್ದರೂ ಗದ್ದೆ ಉತ್ತು ಬಂದವಳಂತೆ ಮೈ ಜಜ್ಜಿಹೋಗಿರುತ್ತಿತ್ತು. ಬೆಳಿಗ್ಗೆ ಹಣೆಯ ಮೇಲೆ ಪಟ್ಟಿ ಕಟ್ಟಿದಂಥ ತಲೆನೋವು. ರಾತ್ರಿ ಮೂರು ನಾಲ್ಕು ಸಲ ಮೂತ್ರಕ್ಕೆ ಏಳುವುದು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ಮಕ್ಕಳು ಕಿರುಪರೀಕ್ಷೆ ಬರೆಯುವಾಗ ಕುರ್ಚಿಯಲ್ಲೇ ನನ್ನ ಕಣ್ಣು ಮುಚ್ಚಿ, ಕೈಯಲ್ಲಿದ್ದ ಪೆನ್ನು ಬಿದ್ದ ಸದ್ದಿಗೆ ಎಚ್ಚರಾದ ದಿನ ಸ್ಟಾಫ್ ರೂಮಿಗೆ ಹೋಗಿ ಅತ್ತೆ. ಸಾಗರದಿಂದ ಶಿವಮೊಗ್ಗದ ಬಸ್ಸು ಹತ್ತಿದರೆ ಆನಂದಪುರ ಬಂದದ್ದು ತಿಳಿಯುತ್ತಿರಲಿಲ್ಲ. ಯಾರೋ ಪರಿಚಯದವರು ಎಬ್ಬಿಸಿ, ಅಮ್ಮನಿಗೆ ಅಂದ ಅದೇ ಗಾದೆಯನ್ನು ನನಗೂ ಅಂದರು.

ಡಾಕ್ಟರ ಹತ್ತಿರ ಹೋಗಲಿಲ್ಲ ಎಂದಲ್ಲ. ಮೊದಲು ರಕ್ತ ಕಡಿಮೆ ಎಂದು ಕಬ್ಬಿಣದ ಮಾತ್ರೆ, ಆಮೇಲೆ ಥೈರಾಯ್ಡ್ ಪರೀಕ್ಷೆ, ಆಮೇಲೆ ಬಿ12 ಇಂಜೆಕ್ಷನ್ನು. ರಾತ್ರಿ ಏಳುವುದಕ್ಕೆ ಸಕ್ಕರೆ ಕಾಯಿಲೆ ಇರಬೇಕೆಂದು ಮೂರು ಸಲ ರಕ್ತ ಕೊಟ್ಟೆ. ಕೊನೆಗೊಬ್ಬರು ‘ಈ ವಯಸ್ಸಿನಲ್ಲಿ ಮನಸ್ಸು ಹೀಗೇ ಆಗುತ್ತಮ್ಮ’ ಎಂದು ನಿದ್ದೆ ಮಾತ್ರೆ ಬರೆದುಕೊಟ್ಟರು. ಕೆಲವು ನಿದ್ದೆ ಮಾತ್ರೆಗಳು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸಿ ನನ್ನಂಥವರಿಗೆ ತೊಂದರೆ ಹೆಚ್ಚಿಸುತ್ತವೆ ಎಂಬುದು ನನಗೆ ಗೊತ್ತಾದದ್ದು ತುಂಬ ತಡವಾಗಿ. ಆ ನಾಲ್ಕು ವರ್ಷಗಳಲ್ಲಿ ಒಬ್ಬರೇ ಒಬ್ಬರು ‘ಗೊರಕೆ ಹೊಡೀತೀರಾ?’ ಎಂದು ಕೇಳಲಿಲ್ಲ. ಕೇಳಿದ್ದರೂ ನಾನು ಇಲ್ಲ ಎನ್ನುತ್ತಿದ್ದೆ. ಇದನ್ನು ಒಪ್ಪಿಕೊಳ್ಳದೆ ಮುಂದಿನ ಮಾತು ಬರೆಯಲಾರೆ.

ಗೊತ್ತು ಮಾಡಿದವಳು ಮಗಳು. ದೀಪಾವಳಿಗೆ ಬೆಂಗಳೂರಿನಿಂದ ಬಂದವಳು ನನ್ನ ಪಕ್ಕದಲ್ಲಿ ಮಲಗಿದ್ದಳು. ನಡುರಾತ್ರಿ ನನ್ನನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ಎಬ್ಬಿಸಿದಾಗ ಅವಳ ಮುಖ ಬಿಳಿಚಿತ್ತು. ‘ಅಮ್ಮಾ, ನೀನು ಉಸಿರಾಡ್ತಿರಲಿಲ್ಲ’ ಎಂದಳು. ಗೊರಕೆ ಏರುತ್ತ ಏರುತ್ತ ಹೋಗಿ ಒಮ್ಮೆಲೆ ನಿಂತಿತಂತೆ. ಎದೆ ಮಾತ್ರ ಏಳಲು ಒದ್ದಾಡುತ್ತಿತ್ತಂತೆ, ಗಾಳಿಯ ಸದ್ದೇ ಇಲ್ಲ. ಆಮೇಲೆ ಮುಳುಗಿದವಳು ನೀರಿನಿಂದ ತಲೆ ಎತ್ತಿದ ಹಾಗೆ ಗಕ್ಕನೆ ಉಸಿರು ಎಳೆದುಕೊಂಡೆನಂತೆ. ಪಕ್ಕದ ಮಂಚದಲ್ಲಿ ಎದ್ದು ಕೂತ ಇವರು ಮೆಲ್ಲಗೆ, ‘ಎರಡು ಮೂರು ವರ್ಷದಿಂದ ಹೀಗೇ ಆಗ್ತಿದೆ. ಹೇಳಿದರೆ ನೀನು ನೊಂದುಕೊಳ್ತೀಯ ಅಂತ ಸುಮ್ಮನಿದ್ದೆ. ನಿಂತಾಗೆಲ್ಲ ಭುಜ ಮುಟ್ತಿದ್ದೆ’ ಎಂದರು. ನಾಚಿಕೆ ನನಗೊಬ್ಬಳಿಗೇ ಇದ್ದದ್ದಲ್ಲ. ನನ್ನ ನಾಚಿಕೆಯನ್ನು ಕಾಪಾಡಲು ಇವರು ಅಷ್ಟು ವರ್ಷ ಅರ್ಧ ನಿದ್ದೆಯಲ್ಲಿ ಕಳೆದಿದ್ದರು.

ಮಗಳು ಬೆಂಗಳೂರಿಗೆ ಕರೆದುಕೊಂಡು ಹೋದಳು. ಅಲ್ಲಿ ಮೊದಲು ಎಂಟು ಪ್ರಶ್ನೆಗಳ ಒಂದು ಹಾಳೆ ಕೊಟ್ಟರು. ಆಸ್ಟ್ರೇಲಿಯಾದ ಮೆಲ್ಬರ್ನಿನ ಡಾಕ್ಟರ್ ಮರ್ರೇ ಜಾನ್ಸ್ 1991ರಲ್ಲಿ ಪ್ರಕಟಿಸಿದ ಪ್ರಶ್ನಾವಳಿಯಂತೆ ಅದು. ಓದುತ್ತ ಕೂತಾಗ, ಟೀವಿ ನೋಡುವಾಗ, ಒಂದು ಗಂಟೆ ವಾಹನದಲ್ಲಿ ಕೂತು ಹೋಗುವಾಗ, ಯಾರ ಜೊತೆಗಾದರೂ ಮಾತಾಡುತ್ತ ಕೂತಾಗ ತೂಕಡಿಕೆ ಎಷ್ಟು ಎಂದು ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟುಕೊಳ್ಳಬೇಕು. ಒಟ್ಟು 24ಕ್ಕೆ ಹತ್ತು ದಾಟಿದರೆ ವಿಚಾರಿಸಬೇಕಾದ ಸಂಗತಿ. ನನಗೆ 17 ಬಂತು. ಆ ಹಾಳೆಯ ಮೇಲೆ ಸೋಮಾರಿ ಎಂಬ ಪದ ಎಲ್ಲೂ ಇರಲಿಲ್ಲ. ಅಮ್ಮನ ಪರವಾಗಿ ಅದನ್ನು ಇನ್ನೊಮ್ಮೆ ತುಂಬಿ ನೋಡಬೇಕೆನ್ನಿಸಿತು.

ಅವತ್ತು ರಾತ್ರಿ ಅಲ್ಲೇ ಸ್ಲೀಪ್ ಸ್ಟಡಿ. ತಲೆಬುರುಡೆಗೆ, ಕಣ್ಣಿನ ಅಂಚಿಗೆ, ಗಲ್ಲಕ್ಕೆ, ಕಾಲಿಗೆ ಅಂಟು ಹಚ್ಚಿ ವೈರು ಕೂರಿಸಿದರು. ಎದೆಗೊಂದು ಹೊಟ್ಟೆಗೊಂದು ಪಟ್ಟಿ, ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ಪು, ಮೂಗಿನ ಕೆಳಗೆ ಸಣ್ಣ ಕೊಳವೆ. ಇಷ್ಟೆಲ್ಲ ಸುತ್ತಿಕೊಂಡು ನಿದ್ದೆ ಬರುವುದುಂಟೇ ಎಂದುಕೊಂಡವಳಿಗೆ ಹತ್ತೇ ನಿಮಿಷದಲ್ಲಿ ಬಂತು. ಅಷ್ಟು ಬಾಕಿಯಿತ್ತು. ಮರುದಿನ ಡಾಕ್ಟರು ಲೆಕ್ಕ ಹೇಳಿದರು. ಹತ್ತು ಸೆಕೆಂಡಿಗೆ ಕಡಿಮೆಯಿಲ್ಲದಂತೆ ಉಸಿರು ನಿಂತದ್ದು ಅಥವಾ ತೀರಾ ಕುಗ್ಗಿದ್ದು ಗಂಟೆಗೆ 38 ಸಲ. ಐದರೊಳಗಿದ್ದರೆ ಸರಿ, ಮೂವತ್ತು ದಾಟಿದರೆ ತೀವ್ರ. ರಕ್ತದ ಆಕ್ಸಿಜನ್ ಒಂದು ಹೊತ್ತಿನಲ್ಲಿ 74ಕ್ಕೆ ಇಳಿದಿತ್ತು. ಮೂಗಿನಿಂದ ಶ್ವಾಸಕೋಶಕ್ಕೆ ಹೋಗುವ ದಾರಿಯಲ್ಲಿ ನಾಲಿಗೆಯ ಹಿಂದಿನ ಗಂಟಲಿಗೆ ಗಟ್ಟಿ ಆಸರೆಯಿಲ್ಲ, ಸ್ನಾಯುಗಳೇ ಅದನ್ನು ತೆರೆದಿಡಬೇಕು. ನಿದ್ದೆಯಲ್ಲಿ ಸ್ನಾಯು ಸಡಿಲಾಗುತ್ತದೆ, ನಾಲಿಗೆ ಹಿಂದೆ ಸರಿಯುತ್ತದೆ, ದಾರಿ ಮುಚ್ಚುತ್ತದೆ. ಆಕ್ಸಿಜನ್ ಇಳಿದಾಗ ಮಿದುಳು ಗಾಬರಿಬಿದ್ದು ಅರೆಗಳಿಗೆ ಎಚ್ಚರಿಸಿ ದಾರಿ ಬಿಡಿಸುತ್ತದೆ. ಆ ಎಚ್ಚರ ನಮಗೆ ನೆನಪಿರುವುದಿಲ್ಲ, ದಣಿವು ಮಾತ್ರ ಉಳಿಯುತ್ತದೆ. ರಾತ್ರಿಯ ಮೂತ್ರದ ಗುಟ್ಟೂ ಅಲ್ಲೇ ಬಯಲಾಯಿತು. ಮುಚ್ಚಿದ ಗಂಟಲಿನೊಡನೆ ಎದೆ ಸೆಣಸುವಾಗ ಹೃದಯಕ್ಕೆ ರಕ್ತ ಜಾಸ್ತಿ ನುಗ್ಗಿ, ಮೈಯಲ್ಲಿ ನೀರು ಹೆಚ್ಚಾಯಿತೆಂದು ಅದು ತಪ್ಪು ತಿಳಿದು, ನೀರು ಹೊರಹಾಕುವ ಹಾರ್ಮೋನು ಬಿಡುತ್ತದೆ. ಮೂರು ಸಲ ಸಕ್ಕರೆ ಪರೀಕ್ಷೆಗೆ ರಕ್ತ ಕೊಟ್ಟದ್ದು ನೆನಪಾಗಿ ಗಂಟಲು ಕಟ್ಟಿತು.

ಉಪಾಯ ಸಿಪ್ಯಾಪ್ ಎಂಬ ಯಂತ್ರ. ಟಿಫಿನ್ ಕ್ಯಾರಿಯರ್ ಮಲಗಿಸಿಟ್ಟಷ್ಟು ದೊಡ್ಡ ಪೆಟ್ಟಿಗೆ, ಒಂದು ಮಾರು ಕೊಳವೆ, ಮುಖಕ್ಕೊಂದು ಮಾಸ್ಕು. ಎಲ್ಲ ಸೇರಿ 48,000 ರೂಪಾಯಿ. ಊರಿಗೆ ಬಂದ ಎರಡೇ ದಿನದಲ್ಲಿ ‘ಟೀಚರಿಗೆ ಆಕ್ಸಿಜನ್ ಹಾಕಿದ್ದಾರಂತೆ’ ಎಂದು ಸುದ್ದಿ ಹಬ್ಬಿ, ಕೊರೋನಾ ಕಂಡಿದ್ದ ಜನ ಹಣ್ಣು ಹಿಡಿದು ನೋಡಲು ಬಂದರು. ಬಂದವರಿಗೆಲ್ಲ ಹೇಳಿದೆ: ಇದರಲ್ಲಿ ಆಕ್ಸಿಜನ್ ಇಲ್ಲ, ಇರುವುದು ನಮ್ಮ ಕೋಣೆಯ ಗಾಳಿಯೇ. ಅದನ್ನು ಸ್ವಲ್ಪ ಒತ್ತಡದಲ್ಲಿ ಮೂಗಿಗೆ ಊದುತ್ತದೆ. ಆ ಒತ್ತಡವೇ ಗಂಟಲು ಮುಚ್ಚದಂತೆ ಒಳಗಿನಿಂದ ಊರುಗೋಲು ಕೊಟ್ಟು ನಿಲ್ಲಿಸುತ್ತದೆ. ಎಷ್ಟು ಒತ್ತಡ ಎಂದವರಿಗೆ ಅಡುಗೆಮನೆಯಿಂದ ಎತ್ತರದ ಲೋಟದಲ್ಲಿ ನೀರು ತಂದು, ಸ್ಟ್ರಾ ಇಳಿಬಿಟ್ಟು ಊದಿ ತೋರಿಸಿದೆ. ಹತ್ತು ಸೆಂಟಿಮೀಟರ್ ಆಳದಲ್ಲಿ ಗುಳ್ಳೆ ಏಳಲು ಎಷ್ಟು ಊದಬೇಕೋ ಅಷ್ಟೇ ನನಗೆ ಗೊತ್ತುಮಾಡಿದ ಒತ್ತಡ. ಮಗು ಕೂಡ ಊದಬಲ್ಲ ಅಷ್ಟು ಗಾಳಿ, ಉಸಿರು ನಿಲ್ಲದಂತೆ ಕಾಯುತ್ತದೆ.

ತಿಳಿಯುವುದು ಸುಲಭ, ಹಾಕಿಕೊಂಡು ಮಲಗುವುದು ಕಷ್ಟ. ಮೊದಲು ಕೊಟ್ಟದ್ದು ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕು. ಮೊದಲ ರಾತ್ರಿ ನಲವತ್ತು ನಿಮಿಷಕ್ಕೆ ಕಿತ್ತೆಸೆದೆ. ಮುಖಕ್ಕೆ ಯಾರೋ ಅಂಗೈ ಒತ್ತಿ ಹಿಡಿದ ಹಾಗೆ. ಉಸಿರು ಬಿಡಲು ಹೋದರೆ ಎದುರಿನಿಂದ ಗಾಳಿ ತಳ್ಳುತ್ತದೆ. ಎರಡನೆಯ ರಾತ್ರಿ ಒಂದು ಗಂಟೆ. ಐದನೆಯ ರಾತ್ರಿ ಮೂಗಿನ ಮೇಲ್ಭಾಗದಲ್ಲಿ ಕೆಂಪಗೆ ಗಾಯ. ಹತ್ತನೆಯ ದಿನಕ್ಕೆ ವಾಪಸ್ ಕೊಟ್ಟುಬಿಡೋಣವೆಂದು ಪೆಟ್ಟಿಗೆಗೆ ತುಂಬಿ ಕಟ್ಟಿಯೂ ಇಟ್ಟೆ. ಇವರು ಒಂದೂ ಮಾತಾಡಲಿಲ್ಲ. ಆ ರಾತ್ರಿ ಎಚ್ಚರವಾಗಿ ನೋಡಿದರೆ, ದಿಂಬು ಗೋಡೆಗಿಟ್ಟು ನನ್ನ ಕಡೆಗೇ ಮುಖ ಮಾಡಿ ಕೂತಿದ್ದರು. ಬೆಳಿಗ್ಗೆ ಕಟ್ಟು ಬಿಚ್ಚಿದೆ.

ದಾರಿ ತೋರಿಸಿದ್ದು ಯಂತ್ರ ಕೂರಿಸಲು ಬಂದಿದ್ದ ಹುಡುಗಿ. ‘ಮೇಡಂ, ನಿದ್ದೆಗೇ ಮೊದಲು ಹಾಕ್ಕೋಬೇಡಿ. ಸಾಯಂಕಾಲ ಪೇಪರ್ ಓದುವಾಗ ಹಾಕ್ಕೊಳ್ಳಿ’ ಎಂದಳು. ಶಾಲೆಯಿಂದ ಬಂದು ಕಾಫಿ ಕುಡಿದು, ಮಾಸ್ಕು ಕಟ್ಟಿಕೊಂಡು, ಯಂತ್ರ ಹಾಕಿ, ಅರ್ಧ ಗಂಟೆ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಗಾಳಿಗೆ ಎದುರು ಉಸಿರು ಬಿಡುವುದನ್ನು ಮೈ ಹಗಲಿನಲ್ಲಿ ಕಲಿತುಕೊಂಡಿತು. ಒತ್ತಡ ನಾಲ್ಕರಿಂದ ಶುರುವಾಗಿ ನಿಧಾನವಾಗಿ ಏರುವಂತೆ ಮಾಡುವ ರ‍್ಯಾಂಪ್ ಎಂಬ ಏರ್ಪಾಡು ಇದೆ, ಅದನ್ನು ಇಪ್ಪತ್ತು ನಿಮಿಷಕ್ಕೆ ಇಟ್ಟುಕೊಂಡೆ. ದೊಡ್ಡ ಮಾಸ್ಕು ಬಿಟ್ಟು ಮೂಗಿನದಷ್ಟನ್ನೇ ತರಿಸಿದೆ. ಭಾನುವಾರ ತಲೆಗೆ ಎಣ್ಣೆ ಹಚ್ಚಿದರೆ ಪಟ್ಟಿ ಜಾರುತ್ತದೆ, ಮುಖದ ಎಣ್ಣೆ ತಾಗಿದರೆ ಸಿಲಿಕೋನಿನ ಅಂಚು ಚರ್ಮಕ್ಕೆ ಕೂರುವುದಿಲ್ಲ, ತುರುಬು ಹಿಂದಕ್ಕಿದ್ದರೆ ದಿಂಬಿನ ಮೇಲೆ ಎಲ್ಲ ಓರೆಯಾಗುತ್ತದೆ. ಎಣ್ಣೆ ಹಚ್ಚುವುದನ್ನು ಬೆಳಗಿಗೆ ಬದಲಿಸಿದೆ, ತುರುಬು ಬಿಚ್ಚಿ ಪಕ್ಕಕ್ಕೆ ಜಡೆ ಹೆಣೆದೆ. ದಿನಾ ಬೆಳಿಗ್ಗೆ ಸೋಪಿನ ನೀರಿನಲ್ಲಿ ಮಾಸ್ಕು ತೊಳೆದು ತುಳಸಿಕಟ್ಟೆಯ ಹತ್ತಿರ, ನೆರಳಲ್ಲಿ, ಒಣಹಾಕುತ್ತೇನೆ.

ಆದರೂ ಎಡಗಡೆಯಿಂದ ಗಾಳಿ ಸೋರಿ ಕಣ್ಣಿಗೆ ಬಡಿಯುವುದು, ಸಿಳ್ಳೆಯಂತೆ ಸದ್ದು ಮಾಡುವುದು ನಿಲ್ಲಲಿಲ್ಲ. ಕನ್ನಡಿಯ ಮುಂದೆ ಟಾರ್ಚು ಹಿಡಿದು ನೋಡಿದಾಗ ಗೊತ್ತಾಯಿತು, ಅದು ಮೂಗುಬೊಟ್ಟು. ಏಳು ಕಲ್ಲಿನದು, ಅಮ್ಮನದು, ನನ್ನ ಹನ್ನೆರಡನೆಯ ವಯಸ್ಸಿನಲ್ಲಿ ತನ್ನ ಮೂಗಿನಿಂದ ತೆಗೆದು ನನಗೆ ಹಾಕಿಸಿದ್ದು. ಮಾಸ್ಕಿನ ಅಂಚು ಸರಿಯಾಗಿ ಅದರ ಮೇಲೇ ಕೂರುತ್ತಿತ್ತು. ಒಂದು ವಾರ ಏನೂ ಮಾಡಲಾಗಲಿಲ್ಲ. ಚಿಕ್ಕತ್ತೆಗೆ ಗೊತ್ತಾಗಿ ‘ಮುತ್ತೈದೆ ಮೂಗು ಬೋಳು ಮಾಡ್ಕೊಂಡು ಮಲಗ್ತಾರೇನೇ’ ಎಂದರು. ಕೊನೆಗೆ ಅಕ್ಕಸಾಲಿಗರ ಹತ್ತಿರ ಹೋದೆ. ನಲವತ್ತೆರಡು ವರ್ಷದ ತಿರುಪು ಬಿಗಿದುಹೋಗಿತ್ತು. ಒಂದು ಹನಿ ಎಣ್ಣೆ ಬಿಟ್ಟು, ನನ್ನ ತಲೆಯನ್ನು ಬೆಳಕಿಗೆ ವಾಲಿಸಿ, ಅರ್ಧ ಗಂಟೆ ಸಮಾಧಾನವಾಗಿ ತಿರುಗಿಸಿ ತೆಗೆದರು. ಅಂಗೈ ಮೇಲಿಟ್ಟಾಗ ಕಲ್ಲುಗಳ ಹಿಂದೆಲ್ಲ ಕಪ್ಪು ಕೂತಿತ್ತು. ಅದರ ಬದಲು ಚರ್ಮಕ್ಕೆ ಅಂಟಿ ಕೂರುವ ಚಿಕ್ಕ ಒಂಟಿ ಕಲ್ಲು ಹಾಕಿಸಿಕೊಂಡೆ. ಅಮ್ಮನದನ್ನು ತೊಳೆಸಿ ಕುಂಕುಮದ ಭರಣಿಯಲ್ಲಿ ಇಟ್ಟಿದ್ದೇನೆ. ಆ ರಾತ್ರಿ ಸಿಳ್ಳೆ ನಿಂತಿತು.

ಈ ಯಂತ್ರದ ಹುಟ್ಟಿನ ಕತೆ ಓದಿದ ಮೇಲೆ ನನ್ನ ಕಷ್ಟ ಎಷ್ಟು ಸಣ್ಣದು ಎನ್ನಿಸಿತು. ಮೊದಲು ಈ ಕಾಯಿಲೆ ಮಿತಿಮೀರಿದವರಿಗೆ ಕತ್ತಿನ ಮುಂಭಾಗದಲ್ಲಿ ಉಸಿರಿಗೆ ರಂಧ್ರ ಕೊರೆಯುತ್ತಿದ್ದರು. 1980ರಲ್ಲಿ ಸಿಡ್ನಿಯ ಡಾಕ್ಟರ್ ಕಾಲಿನ್ ಸಲಿವನ್ ಅವರ ಹತ್ತಿರ ಬಂದ ಒಬ್ಬ ರೋಗಿಗೂ ಅದೇ ಕಾದಿತ್ತು. ಅದರ ಬದಲು ಸಲಿವನ್ ಮೂಗಿಗೆ ಗಾಳಿ ಊದಿ ನೋಡಿದರು. ಗಂಟಲು ತೆರೆದುಕೊಂಡಿತು, ಆ ಮನುಷ್ಯ ಗಾಢವಾಗಿ ಮಲಗಿದ. ಮುಂದಿನ ವರ್ಷ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಐದು ರೋಗಿಗಳ ವಿವರ ಪ್ರಕಟವಾಯಿತು. ಆ ಆರಂಭದ ದಿನಗಳಲ್ಲಿ ಗಾಳಿ ಊದಲು ವ್ಯಾಕ್ಯೂಮ್ ಕ್ಲೀನರಿನ ಮೋಟಾರು ಬಳಸುತ್ತಿದ್ದರು. ಒಬ್ಬೊಬ್ಬರ ಮೂಗಿನ ಅಚ್ಚು ತೆಗೆದು ಮಾಸ್ಕು ಮಾಡುತ್ತಿದ್ದರು, ರೋಗಿಗಳು ಅದನ್ನು ದಿನಾ ರಾತ್ರಿ ಅಂಟಿನಿಂದ ಮುಖಕ್ಕೆ ಅಂಟಿಸಿಕೊಂಡು ಬೆಳಿಗ್ಗೆ ಕಿತ್ತುಕೊಳ್ಳಬೇಕಿತ್ತು. ಪ್ರತಿ ರಾತ್ರಿ, ಮನೆಯಲ್ಲಿ, ಆ ಗದ್ದಲದ ನಡುವೆ ಮಲಗಿದ ಅವರನ್ನು ನೆನೆಸಿಕೊಂಡಾಗ ಕೈ ಮುಗಿಯಬೇಕೆನ್ನಿಸುತ್ತದೆ. ಆ ವರ್ಷ ನಮ್ಮ ಅಮ್ಮ ಮೂವತ್ತರ ಆಸುಪಾಸಿನಲ್ಲಿದ್ದಳು, ಮೊರ ಹಿಡಿದು ತೂಕಡಿಸುತ್ತಿದ್ದಳು.

ಮಲೆನಾಡಿನ ಆಷಾಢ ಈ ಯಂತ್ರಕ್ಕೆ ಬೇರೆಯದೇ ಪರೀಕ್ಷೆ. ಮೂಗು ಒಣಗದಿರಲೆಂದು ಗಾಳಿಯನ್ನು ಬಿಸಿನೀರಿನ ಮೇಲೆ ಹಾಯಿಸಿ ಕಳಿಸುವ ತೊಟ್ಟಿ ಇದರಲ್ಲಿದೆ, ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಜುಲೈ ತಿಂಗಳ ಥಂಡಿಗೆ ಕೊಳವೆ ತಣ್ಣಗಾಗಿ ಆ ಹಬೆಯೆಲ್ಲ ಒಳಗೇ ನೀರಾಗುತ್ತದೆ. ಒಂದು ರಾತ್ರಿ ಮೂರು ಗಂಟೆಗೆ ಹುಕ್ಕಾ ಸೇದಿದಂತೆ ಗುಳುಗುಳು ಸದ್ದು, ಮರುಕ್ಷಣ ಮೂಗಿಗೆ ತಣ್ಣೀರು. ಹೆದರಿ ಎದ್ದು ಕೂತೆ. ಮರುದಿನ ಪೆಟ್ಟಿಗೆಯನ್ನು ಮಂಚಕ್ಕಿಂತ ತಗ್ಗಿನ ಮಣೆಯ ಮೇಲಿಟ್ಟೆ, ತೇವ ಒಂದು ಅಂಕೆ ಇಳಿಸಿದೆ, ಅಮ್ಮನ ಹಳೆಯ ನೂಲಿನ ಸೀರೆ ಹರಿದು ಕೊಳವೆಗೆ ಉದ್ದಕ್ಕೂ ಗವಸು ಹೊಲಿದೆ. ಇನ್ನು ಕರೆಂಟು. ಒಂದು ಮರ ಬಿದ್ದರೆ ಎರಡು ದಿನ ಇರುವುದಿಲ್ಲ. ಯಂತ್ರ ನಿಂತರೆ ಮಾಸ್ಕಿನಲ್ಲಿ ಗಾಳಿ ಆಡಲು ಸಣ್ಣ ಕಿಂಡಿಗಳಿವೆ, ಆದರೂ ಮೈ ಬೆಚ್ಚಿ ಏಳುತ್ತದೆ. ಇನ್ವರ್ಟರಿಗೆ ಹಾಕಿಸಿಕೊಂಡೆವು. ನೀರಿನ ಬಿಸಿ ಆರಿಸಿದರೆ ಬ್ಯಾಟರಿ ಬೆಳಗಿನವರೆಗೂ ಎಳೆಯುತ್ತದೆ.

ಇಷ್ಟೆಲ್ಲದರ ನಡುವೆ ಒಂದು ರಾತ್ರಿ ಕನಸು ಬಿತ್ತು. ಎಷ್ಟು ವರ್ಷಗಳ ಮೇಲೋ! ತವರಿನ ಅಂಗಳದಲ್ಲಿ ಅಡಿಕೆ ಒಣಹಾಕಿದ್ದರು, ನಾನು ಕಾಲಿನಿಂದ ಹರಡುತ್ತಿದ್ದೆ, ಅಷ್ಟೇ. ಎಚ್ಚರಾದಾಗ ಕಿಟಕಿಯಲ್ಲಿ ಬೆಳಕಿತ್ತು. ರಾತ್ರಿ ಒಮ್ಮೆಯೂ ಎದ್ದಿರಲಿಲ್ಲ. ತಲೆ ಹಗುರಾಗಿತ್ತು. ಪಕ್ಕದಲ್ಲಿ ಇವರು ಬೆನ್ನು ತಿರುಗಿಸಿ, ಮಂಡಿ ಮಡಚಿ, ಮಕ್ಕಳ ಹಾಗೆ ಮಲಗಿದ್ದರು. ಮದುವೆಯಾದ ಹೊಸತರಲ್ಲಿ ಹೀಗೆ ಮಲಗುತ್ತಿದ್ದರು. ಎಬ್ಬಿಸಲು ಮನಸ್ಸಾಗದೆ ನಾನೇ ಹಾಲು ತರಲು ಹೋದೆ. ಈಗಲೂ ಎಲ್ಲ ರಾತ್ರಿಗಳೂ ಹಾಗಿರುವುದಿಲ್ಲ, ನೆಗಡಿಯಾದರೆ ಮೂರು ಗಂಟೆಗೇ ತೆಗೆದಿಡುತ್ತೇನೆ. ಆದರೆ ಗಂಟೆಗೆ 38 ಇದ್ದದ್ದು ಈಗ ಯಂತ್ರದ ಲೆಕ್ಕದಲ್ಲಿ ಮೂರರ ಒಳಗಿದೆ.

ಹೋದ ವೈಶಾಖದಲ್ಲಿ ತಮ್ಮನ ಮಗಳ ಮದುವೆ. ಯಂತ್ರದ ಬ್ಯಾಗನ್ನು ಸೀರೆಯ ಬ್ಯಾಗಿಗಿಂತ ಮೊದಲು ಕಾರಿನಲ್ಲಿಟ್ಟೆ, ಎಕ್ಸ್‌ಟೆನ್ಷನ್ ಬಾಕ್ಸನ್ನೂ ಇಟ್ಟುಕೊಂಡೆ. ಹೆಂಗಸರ ಕೋಣೆಯಲ್ಲಿ ಪ್ಲಗ್ ಇದ್ದದ್ದು ಬಾಗಿಲ ಹತ್ತಿರ ಮಾತ್ರ. ಅಲ್ಲೇ ಜಮಖಾನದ ತುದಿಯಲ್ಲಿ ಹಾಸಿಕೊಂಡೆ. ಮಕ್ಕಳು ಸುತ್ತ ನಿಂತು ನೋಡಿದರು. ‘ನಾನು ಗೊರಕೆ ಹೊಡೀತೀನಲ್ಲ, ಅದಕ್ಕೆ’ ಎಂದೆ. ಹದಿನಾರು ಜನ ಹೆಂಗಸರ ಎದುರು ಆ ಮಾತು ನನ್ನ ಬಾಯಿಂದ ಅಷ್ಟು ಸಲೀಸಾಗಿ ಬಂತು. ಈ ಸಲ ಹೂವು ಅಂಗಡಿಯಿಂದ ಕಟ್ಟಿಯೇ ಬಂದಿತ್ತು. ಅಕ್ಕನಿಗೆ ಮಾಡಲು ಕೆಲಸವಿರಲಿಲ್ಲ. ಸ್ವಲ್ಪ ಹೊತ್ತು ಗೋಡೆಗೆ ಒರಗಿ ಕೂತಿದ್ದಳು.

ಎರಡು ಗಂಟೆಯ ಸುಮಾರಿಗೆ ಕರೆಂಟು ಹೋಯಿತು. ಯಂತ್ರ ನಿಂತದ್ದಕ್ಕೆ ನನಗೆ ಎಚ್ಚರವಾಯಿತು. ಮಾಸ್ಕು ತೆಗೆದು ಕತ್ತಲಲ್ಲಿ ಕೂತೆ. ಫ್ಯಾನೂ ನಿಂತಿದ್ದರಿಂದ ಕೋಣೆಯ ಉಸಿರೆಲ್ಲ ಬಿಡಿಬಿಡಿಯಾಗಿ ಕೇಳಿಸುತ್ತಿತ್ತು. ಮೂಲೆಯಿಂದ ಒಂದು ಗೊರಕೆ ಏರುತ್ತ ಬಂತು, ಏರಿ, ಕತ್ತರಿಸಿದ ಹಾಗೆ ನಿಂತಿತು. ಎಣಿಸಿದೆ. ಹತ್ತು. ಹದಿನೆಂಟು. ಇಪ್ಪತ್ತಾರು. ಗಕ್ಕೆಂದು ಗಾಳಿ ಎಳೆದ ಸದ್ದು. ಮತ್ತೆ ಶುರು. ಮಲಗಿದ್ದವರ ಕಾಲು ತಾಗದಂತೆ ದಾಟಿಕೊಂಡು ಹೋದೆ. ಅಕ್ಕ ಅಂಗಾತ ಬಿದ್ದುಕೊಂಡಿದ್ದಳು. ಭುಜದ ಕೆಳಗೆ ಕೈ ಕೊಟ್ಟು ಮಗ್ಗುಲಿಗೆ ತಿರುಗಿಸಿ, ಬೆನ್ನಿಗೆ ಒಂದು ದಿಂಬು ಒತ್ತುಕೊಟ್ಟು, ಕರೆಂಟು ಬರುವವರೆಗೂ ಅಲ್ಲೇ ಕೂತೆ.

ಬೆಳಿಗ್ಗೆ ಎರಡು ಲೋಟ ಕಾಫಿ ಹಿಡಿದು ಅವಳ ಹತ್ತಿರ ಹೋದಾಗ, ಹಣೆ ಒತ್ತಿಕೊಳ್ಳುತ್ತ ಕೂತಿದ್ದಳು. ನನ್ನ ಮುಖ ನೋಡಿದವಳೇ ಸುತ್ತ ಒಮ್ಮೆ ಕಣ್ಣು ಹಾಯಿಸಿ, ದನಿ ತಗ್ಗಿಸಿ ಕೇಳಿದಳು, ‘ರಾತ್ರಿ ಮಲಗಿಬಿಟ್ಟಿದ್ನೇನೇ?’

‘ಮಲಗಿದ್ದೆ ಅಕ್ಕಾ’ ಎಂದೆ. ಕಾಫಿ ಅವಳ ಕೈಗಿತ್ತು, ಬ್ಯಾಗು ಎಳೆದುಕೊಂಡು, ಜಿಪ್ಪು ತೆಗೆದು, ಮಾಸ್ಕನ್ನು ಅವಳ ಮಡಿಲಲ್ಲಿಟ್ಟೆ.